ಹೃದಯ ತಪಾಸಣೆ ಒಂದೇ ಸಲಕ್ಕೆ ಮುಗಿಯದಿರಲಿ: ಹಾಸನ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಹಾಸನ

ವಿಷಯ: ಬಿಪಿ, ಶುಗರ್, ಇಸಿಜಿ ತಪಾಸಣೆಗೆ ಒಳಗಾದವರನ್ನೇ ಮುಂದಿನ ವರ್ಷಗಳಲ್ಲೂ ನೋಡಲು ಬರುವಂತೆ ತಪಾಸಣೆಯ ನಮೂನೆಯನ್ನು (ಫಾರಂ) ಈಗಲೇ ತಿದ್ದುವ ಬಗ್ಗೆ

ಮಾನ್ಯರೇ,

2025ರ ಮೇ, ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳ ಎಣಿಕೆ ಟಿವಿಯಲ್ಲಿ ಏರುತ್ತಾ ಹೋದಾಗ ಜನ ಕೇಳಿದ್ದು ಎರಡೇ ಪ್ರಶ್ನೆ. ಹಾಸನದಲ್ಲೇ ಯಾಕೆ? ಮುಂದೆ ಯಾರಿಗೆ? ಹೆದರಿದವರು ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು, ವರದಿಯೂ ಬಂತು. ಆಮೇಲೆ ಊರೂರಲ್ಲಿ ಶಿಬಿರ, ಇಸಿಜಿ, ಜಾಗೃತಿ ಜಾಥಾ ನಡೆದವು. ಇದರಲ್ಲಿ ಯಾವುದನ್ನೂ ನಾವು ತಪ್ಪು ಎನ್ನುತ್ತಿಲ್ಲ. ಆದರೆ ಆ ಎರಡು ಪ್ರಶ್ನೆಗಳಿಗೆ ಶಿಬಿರ ಉತ್ತರ ಕೊಡಲಾರದು, ಎಷ್ಟು ಶಿಬಿರ ಮಾಡಿದರೂ ಅಷ್ಟೇ. ಯಾಕೆ ಕೊಡಲಾರದು, ಕೊಡುವಂತೆ ಮಾಡಲು ಏನು ಬದಲಾಯಿಸಬೇಕು ಎಂದು ಹೇಳುವುದಕ್ಕೆ ಈ ಪತ್ರ.

ಜನರನ್ನು ಒಂದು ಸಲ ಮಾತ್ರ ನೋಡಿ ಅಳೆಯುವ ಅಧ್ಯಯನಕ್ಕೆ ಕ್ರಾಸ್ ಸೆಕ್ಷನಲ್ ಎನ್ನುತ್ತಾರೆ, ಕನ್ನಡದಲ್ಲಿ ಅಡ್ಡಸೀಳು ಅಧ್ಯಯನ. ಅದೇ ಜನರನ್ನು ವರ್ಷಾನುಗಟ್ಟಲೆ ಮತ್ತೆ ಮತ್ತೆ ನೋಡುವುದು ಲಾಂಜಿಟ್ಯೂಡಿನಲ್, ಅಂದರೆ ದೀರ್ಘಾವಧಿ ಅಧ್ಯಯನ. ಹೀಗೆ ಹಿಂಬಾಲಿಸುವ ಗುಂಪಿಗೆ ಕೊಹಾರ್ಟ್ ಎಂದು ಹೆಸರು. ಇವೆರಡರ ವ್ಯತ್ಯಾಸ ತಿಳಿಯಲು ಗೊರೂರಿಗೆ ಹೋದರೆ ಸಾಕು. ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಒಂದು ದಿನ ಮಟ್ಟ 2910 ಅಡಿ ಇದೆ ಎಂದುಕೊಳ್ಳಿ. ಮಳೆ ಬಂದು ಏರುತ್ತಿರುವಾಗಲೂ ಅದು 2910 ಇರಬಹುದು, ನಾಲೆಗೆ ಬಿಟ್ಟು ಇಳಿಯುತ್ತಿರುವಾಗಲೂ ಇರಬಹುದು. ಅದಕ್ಕೇ ಪತ್ರಿಕೆಯಲ್ಲಿ ಮಟ್ಟದ ಪಕ್ಕದಲ್ಲೇ ಒಳಹರಿವು, ಹೊರಹರಿವು ಹಾಕುತ್ತಾರೆ. ಶಿಬಿರ ತೋರಿಸುವುದು ಮಟ್ಟವನ್ನು: ಇವತ್ತು ಇಷ್ಟು ಜನರಿಗೆ ಕಾಯಿಲೆ ಇದೆ. ಇದು ಪ್ರಿವೆಲೆನ್ಸ್. ಒಂದು ವರ್ಷದಲ್ಲಿ ಹೊಸದಾಗಿ ಎಷ್ಟು ಜನ ಕಾಯಿಲೆಗೆ ಬಿದ್ದರು ಎಂಬುದು ಒಳಹರಿವು, ಇನ್ಸಿಡೆನ್ಸ್. ವಾಸಿಯಾದವರು, ಸತ್ತವರು ಹೊರಹರಿವು. ಒಂದೇ ಸಲ ನೋಡಿದರೆ ಈ ಎರಡು ಹರಿವೂ ಕಾಣುವುದಿಲ್ಲ.

ಇದರಿಂದ ಆಗುವ ಅನಾಹುತ ಒಂದಿದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡುತ್ತಾರೆ. ಅದು ಚೆನ್ನಾಗಿ ನಡೆದಷ್ಟೂ ಸಾಯಬೇಕಿದ್ದವರು ಉಳಿಯುತ್ತಾರೆ. ಉಳಿದವರೆಲ್ಲ ಮುಂದಿನ ಸಮೀಕ್ಷೆಯಲ್ಲಿ ಹೃದ್ರೋಗಿಗಳ ಲೆಕ್ಕಕ್ಕೆ ಬರುತ್ತಾರೆ. ಸಮೀಕ್ಷೆ ಓದಿದವರು 'ಹಾಸನದಲ್ಲಿ ಹೃದ್ರೋಗ ಹೆಚ್ಚಾಯಿತು' ಎನ್ನುತ್ತಾರೆ. ಹೊರಹರಿವು ಕಡಿಮೆಯಾಗಿ ಮಟ್ಟ ಏರಿದ್ದು ಸಿಹಿ ಸುದ್ದಿ. ಅದು ಪತ್ರಿಕೆಯಲ್ಲಿ ಕಹಿ ಸುದ್ದಿಯಾಗಿ ಬರುತ್ತದೆ.

ಕಾರಣ ಹುಡುಕುವ ವಿಷಯದಲ್ಲಂತೂ ಒಮ್ಮೆ ನೋಡುವ ಅಧ್ಯಯನ ಮೋಸ ಮಾಡುವುದೇ ಹೆಚ್ಚು. ಸಕಲೇಶಪುರದ ಕಡೆ ಅನ್ನ ಉಣ್ಣುವ ಮನೆಗಳನ್ನು ನೆನೆಸಿಕೊಳ್ಳಿ. ಶುಗರ್ ಬಂತು ಎಂದೊಡನೆ ಡಾಕ್ಟರು ಅನ್ನ ಕಡಿಮೆ ಮಾಡಿ ಮುದ್ದೆ ಉಣ್ಣಿ ಎನ್ನುತ್ತಾರೆ. ಆಮೇಲೆ ಸಮೀಕ್ಷೆಯವರು ಬಂದು, ಏನು ಉಣ್ಣುತ್ತೀರಿ ಎಂದು ಕೇಳಿ, ಸಕ್ಕರೆ ಅಳೆದು ಹೋಗುತ್ತಾರೆ. ಅವರ ಪಟ್ಟಿಯಲ್ಲಿ ಮುದ್ದೆ ಉಣ್ಣುವವರಿಗೇ ಶುಗರ್ ಹೆಚ್ಚು! ಬಿಪಿ ಬಂದ ಮೇಲೆ ಕಾಫಿ ಬಿಟ್ಟವರದ್ದೂ, ಎದೆನೋವು ಬಂದ ಮೇಲೆ ಬೀಡಿ ಬಿಟ್ಟವರದ್ದೂ ಇದೇ ಕತೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಒಂದೇ ದಿನದ ಹಾಳೆಯಲ್ಲಿ ಇರುವುದಿಲ್ಲ. ಕಾಯಿಲೆ ಇಲ್ಲದವರಿಂದ ಶುರು ಮಾಡಿ, ಅವರ ಊಟ, ಬೀಡಿ, ಬಿಪಿ ಎಲ್ಲ ಬರೆದಿಟ್ಟುಕೊಂಡು, ಯಾರಿಗೆ ಕಾಯಿಲೆ ಬರುತ್ತದೆ ಎಂದು ಕಾದು ನೋಡಿದರೆ ಮಾತ್ರ ಹಿಂದುಮುಂದು ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ಕುಂದು ಇನ್ನೊಂದು. ಶಿಬಿರಕ್ಕೆ ಬರುವವರು ಬದುಕಿರುವವರು. ಮೊದಲ ಆಘಾತದಲ್ಲೇ ತೀರಿಕೊಂಡವರ ಇಸಿಜಿ, ಅಭ್ಯಾಸ, ವಂಶದ ವಿವರ ಯಾವ ಪಟ್ಟಿಗೂ ಸೇರುವುದಿಲ್ಲ. ನಮಗೆ ಬೇಕಾಗಿರುವುದು ಅವರ ವಿವರವೇ. ಬುಧವಾರ ಬೆಳಿಗ್ಗೆ ಹತ್ತಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಶಿಬಿರ ಇಟ್ಟರೆ ಬರುವವರು ಯಾರು? ಆತಂಕ ಇರುವವರು, ಬಿಡುವು ಇರುವವರು. ಆಟೊ, ಟ್ಯಾಕ್ಸಿ ಓಡಿಸುವವರು ಬಾಡಿಗೆ ಬಿಟ್ಟು ಬರುವುದಿಲ್ಲ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ತೋಟದ ಆಳುಗಳು ಬರುವುದಿಲ್ಲ.

ಎರಡು ಸಲ ಸಮೀಕ್ಷೆ ಮಾಡಿದರೆ ಸಾಲದೇ ಎಂದು ಕೇಳಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮಾಡುವುದು ಹಾಗೇ. 2015-16ರಲ್ಲಿ ಒಂದು ಸುತ್ತು, 2019-21ರಲ್ಲಿ ಇನ್ನೊಂದು, ಆದರೆ ಪ್ರತಿ ಸುತ್ತಿನಲ್ಲೂ ಮನೆಗಳು ಬೇರೆ. ಜಿಲ್ಲೆಯ ಸರಾಸರಿ ಎತ್ತ ಹೋಯಿತು ಎಂದು ಅದು ಹೇಳುತ್ತದೆ, ಯಾರೊಬ್ಬರು ಎತ್ತ ಹೋದರು ಎಂದು ಹೇಳುವುದಿಲ್ಲ. ಒಂದು ಹಳ್ಳಿಯಲ್ಲಿ 100 ಜನ ಇದ್ದಾರೆ ಎನ್ನಿ. ಮೊದಲ ವರ್ಷ 20 ಜನರಿಗೆ ಬಿಪಿ ಹೆಚ್ಚು, ಮೂರು ವರ್ಷ ಬಿಟ್ಟು ನೋಡಿದರೂ 20 ಜನರಿಗೆ ಹೆಚ್ಚು. ವರದಿ 'ಬದಲಾವಣೆ ಇಲ್ಲ' ಎನ್ನುತ್ತದೆ. ಅದೇ ಜನರನ್ನು ಹೆಸರು ಹಿಡಿದು ನೋಡಿದ್ದರೆ, ಮೊದಲಿನ 20ರಲ್ಲಿ 12 ಜನ ಹಾಗೇ ಉಳಿದಿದ್ದಾರೆ, 8 ಜನ ಹತೋಟಿಗೆ ಬಂದಿದ್ದಾರೆ, ಬೇರೆ 8 ಜನ ಹೊಸದಾಗಿ ಸೇರಿದ್ದಾರೆ ಎಂದು ಕಾಣಬಹುದಿತ್ತು. ಹಾಗೇ ಉಳಿದ 12 ಜನರಿಗೆ ಮಾತ್ರೆ ಸಿಗುತ್ತಿಲ್ಲವೋ, ಸಿಕ್ಕರೂ ನುಂಗುತ್ತಿಲ್ಲವೋ ವಿಚಾರಿಸಬೇಕು. ಹತೋಟಿಗೆ ಬಂದ 8 ಜನರನ್ನು ಹೇಗೆ ಸಾಧ್ಯವಾಯಿತು ಎಂದು ಕೇಳಬೇಕು. ಹೊಸ 8 ಜನರಿಗಾಗಿ ಉಪ್ಪು, ಹೊಗೆಸೊಪ್ಪು, ತೂಕದ ಕಡೆ ನೋಡಬೇಕು. ಇದು ಮೂರು ಬೇರೆ ಬೇರೆ ಕೆಲಸ, ಮೂರು ಬೇರೆ ಖರ್ಚು. 'ಬದಲಾವಣೆ ಇಲ್ಲ' ಎಂಬ ಒಂದು ಸಾಲು ಮೂರನ್ನೂ ಮುಚ್ಚಿಹಾಕುತ್ತದೆ.

ವಯಸ್ಸಿನ ಪಟ್ಟಿ ಓದುವಾಗಲೂ ಎಚ್ಚರ ಬೇಕು. ಸಮೀಕ್ಷೆಯ 60ರವರು 30ರವರ ಮುಂದಿನ ರೂಪವಲ್ಲ. ಗದ್ದೆಯಲ್ಲಿ ನಡೆದು ಬೆಳೆದವರೂ ಬೈಕು, ಬೇಕರಿ, ಮೊಬೈಲ್ ಜೊತೆ ಬೆಳೆದವರೂ ಬೇರೆ ಬೇರೆ ತಲೆಮಾರು. ಈಗಿನ 30ರವರು 60 ಮುಟ್ಟಿದಾಗ ಹೇಗಿರುತ್ತಾರೆ ಎಂದು ತಿಳಿಯಲು ಅವರನ್ನೇ ಹಿಂಬಾಲಿಸಬೇಕು.

ಇದು ಆಗುವ ಕೆಲಸವೇ ಎಂಬ ಅನುಮಾನ ಸಹಜ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ 5,209 ಜನರನ್ನು ಹಿಡಿದು ಎರಡು ವರ್ಷಕ್ಕೊಮ್ಮೆ ತಪಾಸಣೆ ಶುರು ಮಾಡಿದರು. ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಹೃದ್ರೋಗಕ್ಕೆ ದಾರಿ ಎಂದು ಇವತ್ತು ಆಶಾ ಕಾರ್ಯಕರ್ತೆಯೂ ಹೇಳುವ ಮಾತಿನ ಬೇರು ಬಹುಮಟ್ಟಿಗೆ ಅಲ್ಲಿದೆ. ಅಷ್ಟು ದೂರ ಯಾಕೆ, ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯನ್ನೇ ನೋಡಿ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚು ಎಂದು ಕಂಡಿತು. ಅದು ಪ್ರಕಟವಾದದ್ದು 1996ರಲ್ಲಿ. ಹೆರಿಗೆ ಕೋಣೆಯಲ್ಲಿ ತೂಕ ಬರೆದವರು ಸಂಶೋಧನೆ ಮಾಡುತ್ತಿರಲಿಲ್ಲ, ಅಳತೆಯನ್ನು ಒಂದೇ ಕ್ರಮದಲ್ಲಿ ಬರೆಯುತ್ತಿದ್ದರು ಅಷ್ಟೇ. ಆದರೆ ಯಾರ ಮಗು ಎಂದು ಗುರುತು ಹಿಡಿಯುವಷ್ಟು ವಿವರ ಆ ಪುಸ್ತಕಗಳಲ್ಲಿ ಇತ್ತು. ನಾವು ತಮ್ಮನ್ನು ಕೇಳುತ್ತಿರುವುದೂ ಅಷ್ಟನ್ನೇ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಹಳ್ಳಿ ಜನರ ಗುರಿ ಇಟ್ಟುಕೊಂಡು ಇಂಥದೇ ದೀರ್ಘಾವಧಿ ಅಧ್ಯಯನ ನಡೆಸುತ್ತಿದೆ.

ಇನ್ನು ಲೆಕ್ಕಕ್ಕೆ ಬರೋಣ, ಯೋಜನೆಗಳು ಸೋಲುವುದು ಇಲ್ಲೇ. ಜಿಲ್ಲೆಯಲ್ಲಿ ಎಷ್ಟು ಜನರಿಗೆ ಬಿಪಿ ಇದೆ ಎಂದಷ್ಟೇ ಬೇಕಿದ್ದರೆ ದೊಡ್ಡ ಸಂಖ್ಯೆ ಬೇಡ. ಸುಮಾರು 25% ಇರಬಹುದು ಎಂದುಕೊಂಡು, 3%ಗಿಂತ ಹೆಚ್ಚು ಹಿಂದುಮುಂದಾಗಬಾರದು ಎಂದರೆ 1.96ರ (95% ಭರವಸೆಗೆ ಬಳಸುವ ರೂಢಿಯ ಅಂಕಿ) ವರ್ಗವನ್ನು 0.25 ಮತ್ತು 0.75ರಿಂದ ಗುಣಿಸಿ 0.03ರ ವರ್ಗದಿಂದ ಭಾಗಿಸಬೇಕು. 801 ಜನ ಬರುತ್ತದೆ. ಮನೆಗಳನ್ನು ಹಳ್ಳಿ ಹಳ್ಳಿಯಾಗಿ ಆರಿಸುವುದರಿಂದ ಒಂದೇ ಹಳ್ಳಿಯವರು ಒಬ್ಬರನ್ನೊಬ್ಬರು ಹೋಲುತ್ತಾರೆ, ಅದಕ್ಕೆ ಎರಡರಷ್ಟು ಮಾಡಿ. ಹತ್ತರಲ್ಲಿ ಒಬ್ಬರು ಸಿಗುವುದಿಲ್ಲ ಎಂದು ಸೇರಿಸಿದರೆ ಹೆಚ್ಚುಕಡಿಮೆ 1,780 ಜನ ಸಾಕು.

ಹೃದಯಾಘಾತ ಯಾರಿಗೆ ಬರುತ್ತದೆ ಎಂದು ತಿಳಿಯಲು ಈ 1,780 ಏನೇನೂ ಸಾಲದು. ಲೆಕ್ಕದ ಮಟ್ಟಿಗೆ ವರ್ಷಕ್ಕೆ ಸಾವಿರದಲ್ಲಿ ಮೂವರಿಗೆ ಎಂದಿಟ್ಟುಕೊಂಡರೆ 1,780 ಜನರಲ್ಲಿ ಐದು ವರ್ಷಕ್ಕೆ 27 ಪ್ರಕರಣ. ಅದರಲ್ಲಿ ಚಾಲಕರೆಷ್ಟು, ಬೀಡಿ ಸೇದುವವರೆಷ್ಟು ಎಂದು ಒಡೆಯುತ್ತಾ ಹೋದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. 10,000 ಜನರನ್ನು ಹಿಡಿದರೆ ಐದು ವರ್ಷಕ್ಕೆ 150 ಪ್ರಕರಣ, ವರ್ಷಕ್ಕೆ 5% ಜನ ಕೈತಪ್ಪುತ್ತಾರೆ ಎಂದರೂ ಸುಮಾರು 130. ಒಂದೊಂದು ಕಾರಣ ಪರೀಕ್ಷಿಸಲು ಹತ್ತಾದರೂ ಪ್ರಕರಣ ಬೇಕೆಂಬ ರೂಢಿಯ ಅಳತೆಯಲ್ಲಿ ಹನ್ನೆರಡು, ಹದಿಮೂರು ಕಾರಣಗಳನ್ನು ಒಟ್ಟಿಗೆ ನೋಡಬಹುದು. ಇಬ್ಬರ ತಂಡ ದಿನಕ್ಕೆ 25 ಜನರನ್ನು ನೆಟ್ಟಗೆ ಅಳೆಯಬಲ್ಲದು. ಜಿಲ್ಲೆಯ ಎಂಟು ತಾಲ್ಲೂಕಿಗೆ ಎಂಟು ತಂಡ ಬಿಟ್ಟರೆ 50 ಕೆಲಸದ ದಿನಗಳಲ್ಲಿ ಮೊದಲ ಸುತ್ತು ಮುಗಿಯುತ್ತದೆ. ಮಲೆನಾಡಿನ ಸಕಲೇಶಪುರ, ಆಲೂರು, ಬಯಲಿನ ಅರಸೀಕೆರೆ, ಚನ್ನರಾಯಪಟ್ಟಣ, ನಡುವಿನ ತಾಲ್ಲೂಕುಗಳು, ಹಾಸನ ನಗರ ಎಲ್ಲದರಿಂದಲೂ ಪಾಲು ಇರಬೇಕು. ವಯಸ್ಸು 30ರಿಂದ ಶುರುವಾಗಲಿ. ಗೃಹ ಆರೋಗ್ಯ ಯೋಜನೆಯಡಿ ಆ ವಯಸ್ಸಿನವರ ಮನೆ ಬಾಗಿಲಿಗೆ ಆರೋಗ್ಯ ಇಲಾಖೆಯವರು ಹೇಗೂ ಹೋಗುತ್ತಾರೆ.

ಅಳತೆ ಕೆಟ್ಟರೆ ಹತ್ತು ವರ್ಷದ ಕೆಲಸ ನೀರುಪಾಲು, ಹಾಗಾಗಿ ಬಿಪಿ ನೋಡುವ ಕ್ರಮದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಕಾಫಿ, ಬೀಡಿ ಮುಟ್ಟಿ ಅರ್ಧ ಗಂಟೆ ಆಗಿರಬೇಕು. ಬೆನ್ನಿಗೆ ಆಸರೆ ಇಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ತೋಳು ಎದೆಯ ಮಟ್ಟಕ್ಕೆ ಇರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಹೆಚ್ಚು ತೋರಿಸುತ್ತದೆ, ಆದ್ದರಿಂದ ಪ್ರತಿ ತಂಡದ ಬಳಿ ಎರಡು ಅಳತೆಯ ಪಟ್ಟಿ ಇರಲಿ. ಮೂರು ಸಲ ನೋಡಿ, ಮೊದಲನೆಯದನ್ನು ಬಿಟ್ಟು ಕೊನೆಯ ಎರಡರ ಸರಾಸರಿ ಹಿಡಿಯಬೇಕು, ಆದರೆ ನಮೂನೆಯಲ್ಲಿ ಮೂರನ್ನೂ ಬರೆಯಬೇಕು. ವಾರಕ್ಕೊಮ್ಮೆ ಕೊನೆಯ ಅಂಕಿಗಳನ್ನು ಎಣಿಸಿ. ಡಿಜಿಟಲ್ ಯಂತ್ರದಲ್ಲಿ ಸೊನ್ನೆ ಬರಬೇಕಾದದ್ದು ಹತ್ತರಲ್ಲಿ ಒಂದು ಸಲ. ಒಂದು ತಂಡದ ಹಾಳೆಯಲ್ಲಿ 120, 130, 140 ಎಂದೇ ತುಂಬಿದ್ದರೆ ಆ ತಂಡ ಯಂತ್ರ ನೋಡಿ ಬರೆಯುತ್ತಿಲ್ಲ, ಅಂದಾಜಿಗೆ ಬರೆಯುತ್ತಿದೆ. ಆಗಲೇ ಕರೆದು ಮತ್ತೆ ತರಬೇತಿ ಕೊಡಬೇಕು, ವರ್ಷದ ಕೊನೆಗೆ ಗೊತ್ತಾದರೆ ಪ್ರಯೋಜನವಿಲ್ಲ. ಎರಡನೇ ಸುತ್ತಿಗೆ ಬೇರೆ ಕಂಪನಿಯ ಯಂತ್ರ ತಂದರೆ ಯಂತ್ರದ ವ್ಯತ್ಯಾಸವೇ ಜನರ ಬದಲಾವಣೆಯಂತೆ ಕಾಣುತ್ತದೆ. ಬದಲಿಸಲೇಬೇಕಾದರೆ ನೂರಿನ್ನೂರು ಜನರ ಮೇಲೆ ಹಳತು ಹೊಸತು ಎರಡರಲ್ಲೂ ನೋಡಿ ವ್ಯತ್ಯಾಸ ಬರೆದಿಡಿ. ಚಳಿಗಾಲದಲ್ಲಿ ಬಿಪಿ ಏರುತ್ತದೆ, ಆದ್ದರಿಂದ ಒಬ್ಬರನ್ನು ಏಪ್ರಿಲ್‌ನಲ್ಲಿ ನೋಡಿದ್ದರೆ ಮುಂದಿನ ಸಲವೂ ಏಪ್ರಿಲ್‌ನಲ್ಲೇ ನೋಡಿ.

ಶಿಬಿರದಲ್ಲಿ ಬಿಪಿ ಹೆಚ್ಚು ಬಂದವರನ್ನು ಮಾತ್ರ ಮತ್ತೆ ಕರೆಯುವ ಪದ್ಧತಿ ಇದೆ. ಚಿಕಿತ್ಸೆಗೆ ಅದು ಸರಿ, ಅಧ್ಯಯನಕ್ಕೆ ತಪ್ಪು. ಆ ದಿನ ಓಡಿ ಬಂದದ್ದಕ್ಕೋ ಗಾಬರಿಗೋ ಹೆಚ್ಚು ತೋರಿಸಿದವರು ಅದರಲ್ಲಿ ಸೇರಿರುತ್ತಾರೆ. ಏನೂ ಮಾಡದಿದ್ದರೂ ಎರಡನೇ ಸಲ ಅವರ ಸರಾಸರಿ ಇಳಿಯುತ್ತದೆ. ಅದನ್ನು ಜಾಗೃತಿ ಕಾರ್ಯಕ್ರಮದ ಫಲ ಎಂದು ವರದಿ ಬರೆದುಬಿಡುತ್ತಾರೆ. ಮರು ಅಳತೆ ಎಲ್ಲರಿಗೂ ಆಗಬೇಕು. ಇಸಿಜಿಯ ಬಗ್ಗೆಯೂ ಜನರಿಗೆ ಒಂದು ಮಾತು ಹೇಳಿ ಕಳಿಸಬೇಕು: ಮಲಗಿಸಿ ತೆಗೆದ ಇಸಿಜಿ ಸರಿ ಇದ್ದರೂ ರಕ್ತನಾಳದಲ್ಲಿ ತಡೆ ಇರಬಹುದು. ನಾರ್ಮಲ್ ಎಂಬ ಚೀಟಿ ಹಿಡಿದುಕೊಂಡು ಎದೆನೋವನ್ನು ಗ್ಯಾಸ್ ಎಂದು ತಳ್ಳಿಹಾಕುವಂತೆ ಆಗಬಾರದು.

ದೀರ್ಘಾವಧಿ ಅಧ್ಯಯನವನ್ನು ಕೊಲ್ಲುವುದು ಕೈತಪ್ಪಿ ಹೋಗುವ ಜನ. ನಮ್ಮ ಜಿಲ್ಲೆಯಲ್ಲಿ ಯಾರು ತಪ್ಪುತ್ತಾರೆ ಎಂದು ಮೊದಲೇ ಗೊತ್ತು: ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹುಡುಗರು, ಮದುವೆಯಾಗಿ ಹೋಗುವ ಹೆಣ್ಣುಮಕ್ಕಳು, ತೋಟ ಬದಲಿಸುವ ಕೂಲಿಯವರು. ಎಲ್ಲ ಬಗೆಯವರೂ ಸಮನಾಗಿ ತಪ್ಪಿದರೆ ಸಂಖ್ಯೆ ಮಾತ್ರ ಕಡಿಮೆಯಾಗುತ್ತದೆ. ಕಾಯಿಲೆಯ ಅಪಾಯ ಹೆಚ್ಚಿರುವವರೇ ತಪ್ಪಿದರೆ ಉತ್ತರವೇ ಸುಳ್ಳಾಗುತ್ತದೆ. ಆದ್ದರಿಂದ ಒಬ್ಬೊಬ್ಬರಿಗೂ ಮೂರು ಫೋನ್ ನಂಬರ್ ಇರಲಿ: ತಮ್ಮದು, ಮನೆಯವರದ್ದು, ಬೇರೆ ಮನೆಯ ನೆಂಟರದ್ದೋ ನೆರೆಯವರದ್ದೋ. ಸಿಮ್ ಬದಲಾಗುತ್ತದೆ, ಸೋದರಮಾವನ ಮನೆ ಬದಲಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿದರೆ ಸಾಕು: ಊರಲ್ಲೇ ಇದ್ದೀರಾ, ಆಸ್ಪತ್ರೆ ಸೇರಿದ್ದಿರಾ, ಮಾತ್ರೆ ನುಂಗುತ್ತಿದ್ದೀರಾ, ನಂಬರ್ ಬದಲಾಗಿದೆಯಾ. ಪೂರ್ತಿ ಅಳತೆ ಎರಡು ವರ್ಷಕ್ಕೊಮ್ಮೆ ಇರಲಿ. ಈ ಕೆಲಸಕ್ಕೆ ಆಕೆಗೆ ಪ್ರತ್ಯೇಕ ಪ್ರೋತ್ಸಾಹಧನ ಇಡಲೇಬೇಕು. ಈಗಿರುವ ಹೊರೆಯ ಮೇಲೆ ಪುಕ್ಕಟೆಯಾಗಿ ಹೇರಿದರೆ ಅದು ಅನ್ಯಾಯ, ಕೆಲಸವೂ ಕೆಡುತ್ತದೆ.

ಸಾವಿನ ಕಾರಣ ಬರೆಯುವುದರಲ್ಲಿ ದೊಡ್ಡ ಗೊಂದಲವಿದೆ. ಹೃದಯಸ್ತಂಭನ ಎಂದರೆ ಹೃದಯ ನಿಂತಿತು ಎಂದಷ್ಟೇ. ಯಾರೇ ಸತ್ತರೂ ಹೃದಯ ನಿಲ್ಲುತ್ತದೆ. ಹೃದಯಾಘಾತ ಬೇರೆ, ಅದು ಹೃದಯದ ರಕ್ತನಾಳ ಕಟ್ಟಿ ಸ್ನಾಯು ಸಾಯುವುದು. ಮನೆಯಲ್ಲಿ ತೀರಿಕೊಂಡವರ ಸಾವಿಗೆ ನಮೂನೆಯಲ್ಲಿ ಇವೆರಡನ್ನೂ ಒಂದೇ ಎಂಬಂತೆ ತುಂಬಿದರೆ ಯಾವ ಅಧ್ಯಯನವೂ ನಿಲ್ಲುವುದಿಲ್ಲ. ಕೊಹಾರ್ಟ್‌ನಲ್ಲಿ ಯಾರಾದರೂ ಮನೆಯಲ್ಲಿ ತೀರಿಕೊಂಡರೆ ಕೆಲವು ವಾರಗಳೊಳಗೆ ತರಬೇತಿ ಪಡೆದವರು ಹೋಗಿ, ಮನೆಯವರ ದುಃಖಕ್ಕೆ ಗೌರವ ಕೊಟ್ಟು, ಕೊನೆಯ ದಿನಗಳ ಲಕ್ಷಣ ಕೇಳಿ ಬರೆದುಕೊಳ್ಳಬೇಕು. ವರ್ಬಲ್ ಅಟಾಪ್ಸಿ ಎಂಬ ಈ ವಿಧಾನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸಿದ್ಧ ಪ್ರಶ್ನಾವಳಿ ಇದೆ. ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ನಿರ್ಧರಿಸಲಿ. ಜನನ ಮರಣ ನೋಂದಣಿಯ ಇ-ಜನ್ಮ ದಾಖಲೆಯ ಜೊತೆ ತಿಂಗಳಿಗೊಮ್ಮೆ ತಾಳೆ ನೋಡಿದರೆ ಸಾವುಗಳು ತಪ್ಪಿಹೋಗುವುದು ಕಡಿಮೆಯಾಗುತ್ತದೆ.

ಐದು ವರ್ಷ ಕಾಯಲು ಆಗದು, ಈಗಲೇ ಉತ್ತರ ಬೇಕು ಎಂದರೆ ಅದಕ್ಕೂ ದಾರಿ ಇದೆ, ಕೇಸ್ ಕಂಟ್ರೋಲ್ ಅಧ್ಯಯನ. ಹಠಾತ್ತನೆ ಸತ್ತವರೊಬ್ಬರಿಗೆ ಅದೇ ವಯಸ್ಸಿನ, ಅದೇ ಲಿಂಗದ, ಅದೇ ಬೀದಿಯ ನಾಲ್ವರು ಬದುಕಿರುವವರನ್ನು ಜೋಡಿಸಿ ಹೋಲಿಸುವುದು. ಕೋವಿಡ್ ಲಸಿಕೆಯಿಂದ ಯುವಕರು ಸಾಯುತ್ತಿದ್ದಾರೆಯೇ ಎಂಬ ಪ್ರಶ್ನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಹೀಗೇ 729 ಪ್ರಕರಣಗಳನ್ನು 2,916 ಜನರ ಜೊತೆ ಹೋಲಿಸಿ, ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಎಂದು ತೋರಿಸಿತು. ಕುಟುಂಬದಲ್ಲಿ ಹಠಾತ್ ಸಾವಿನ ಚರಿತ್ರೆ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಅತಿಯಾಗಿ ಕುಡಿದದ್ದು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದದ್ದು ಅಪಾಯದ ಗುರುತುಗಳಾಗಿ ಕಂಡವು. ನೆನಪಿನಿಂದ ಹೇಳಿಸುವುದರಿಂದ ಇದರಲ್ಲೂ ದೋಷ ಇರುತ್ತದೆ, ಆದರೆ ತಿಂಗಳುಗಳಲ್ಲಿ ಮುಗಿಯುತ್ತದೆ. ಕೊಹಾರ್ಟ್ ಬೆಳೆಯುತ್ತಿರುವಾಗಲೇ ಇದನ್ನು ಮಾಡಬಹುದು.

ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಹಿಂಬಾಲಿಸುವುದು ಎಂದರೆ ಕೈಕಟ್ಟಿ ನೋಡುತ್ತಾ ಕೂರುವುದಲ್ಲ. ಅಮೆರಿಕದ ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಜನರಿಗೆ ಪೆನಿಸಿಲಿನ್ ಬಂದ ಮೇಲೂ ಕೊಡದೆ ಕಾಯಿಲೆಯ ಗತಿ ನೋಡುತ್ತಾ ಕೂತರು. ಬಿಪಿ ಹೆಚ್ಚಿದ್ದವರಿಗೆ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿ ಸಿಗಬೇಕು, ಮಾತ್ರೆ ಶುರುವಾದ ತಾರೀಕು ನಮೂನೆಯಲ್ಲಿ ಇರಬೇಕು. ಚಿಕಿತ್ಸೆಯಿಂದ ಅಂಕಿ ಬದಲಾದರೆ ಲೆಕ್ಕ ಹಾಕುವಾಗ ಅದನ್ನು ಪರಿಗಣಿಸುವುದು ನಮ್ಮಂಥವರ ಕೆಲಸ. ಮುಂದೆಯೂ ಸಂಪರ್ಕಿಸಲು, ಆಸ್ಪತ್ರೆ ಮತ್ತು ಮರಣದ ದಾಖಲೆ ನೋಡಲು ಒಪ್ಪಿಗೆಯನ್ನು ಕನ್ನಡದಲ್ಲಿ ಓದಿ ಹೇಳಿ ಮೊದಲ ದಿನವೇ ಪಡೆಯಬೇಕು. ಆಮೇಲೆ ಕೇಳಲು ಹೋದರೆ ಅರ್ಧ ಜನ ಸಿಗುವುದಿಲ್ಲ, ಸತ್ತವರನ್ನಂತೂ ಕೇಳಲಾಗದು. ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಇದಕ್ಕೂ ಮುಂಚೆ ಬರಬೇಕು.

ಇದನ್ನೆಲ್ಲ ಹೊರುವವರು ಯಾರು? ವೈದ್ಯಕೀಯ ಎಂ.ಡಿ. ಮೂರು ವರ್ಷದ್ದು, ಆದ್ದರಿಂದ ವಿದ್ಯಾರ್ಥಿಗಳ ಪ್ರಬಂಧಗಳು ಹೆಚ್ಚಾಗಿ ಒಮ್ಮೆ ನೋಡಿ ಮುಗಿಸುವಂಥವೇ ಆಗುತ್ತವೆ. ಪ್ರತಿ ತಂಡವೂ ಹೊಸ ಜನರನ್ನು ಹಿಡಿಯುತ್ತದೆ, ಹಳೆಯ ಹಾಳೆಗಳು ಬೀರುವಿನಲ್ಲಿ ಉಳಿಯುತ್ತವೆ. ಒಂದೊಂದು ಬ್ಯಾಚ್‌ಗೆ ಇದೇ 10,000 ಜನರ ಒಂದೊಂದು ಸುತ್ತು ವಹಿಸಿದರೆ ವಿದ್ಯಾರ್ಥಿಗೆ ಪ್ರಬಂಧ, ಜಿಲ್ಲೆಗೆ ಕೊಹಾರ್ಟ್. ರಕ್ತ ತೆಗೆದು ಶೈತ್ಯದಲ್ಲಿ ಇಡಲು ಕರೆಂಟು, ಜನರೇಟರ್, ಹತ್ತು ವರ್ಷದ ನಿರ್ವಹಣೆಯ ಹಣ ಇಲ್ಲದಿದ್ದರೆ ಆ ಆಸೆ ಬೇಡ. ಅಂದಂದಿನ ಶುಗರ್, ಕೊಲೆಸ್ಟ್ರಾಲ್ ಸಾಕು.

ಸದ್ಯ ತಮ್ಮಿಂದ ಬೇಕಾಗಿರುವುದು ಸಣ್ಣದು. ಮುಂದಿನ ತಪಾಸಣೆಯ ನಮೂನೆ ಮುದ್ರಣಕ್ಕೆ ಹೋಗುವ ಮುನ್ನ ಅದರಲ್ಲಿ ಬದಲಾಗದ ಒಂದು ಕ್ರಮಸಂಖ್ಯೆ, ಮೂರು ಫೋನ್ ನಂಬರ್, ಹುಟ್ಟಿದ ವರ್ಷ, ಯಂತ್ರದ ಗುರುತು, ಅಳೆದವರ ಗುರುತು, ಮುಂದಿನ ಸಂಪರ್ಕಕ್ಕೆ ಒಪ್ಪಿಗೆ ಎಂಬ ಅಂಕಣಗಳು ಸೇರಲಿ. ಆಧಾರ್ ಸಂಖ್ಯೆ ಹಾಳೆಯ ಮೇಲೆ ಬೇಡ. ಹೆಸರು ಮತ್ತು ಕ್ರಮಸಂಖ್ಯೆ ಜೋಡಿಸುವ ಪಟ್ಟಿ ಬೇರೆ ಬೀಗದಲ್ಲಿ, ಒಬ್ಬ ಹೊಣೆಗಾರರ ಕೈಯಲ್ಲಿ ಇರಲಿ. ಹಾಳೆಗೆ ನಾಲ್ಕು ಸಾಲು ಹೆಚ್ಚಾಗುತ್ತದೆ, ಒಬ್ಬೊಬ್ಬರಿಗೆ ಮೂರು ನಿಮಿಷ. ಕರಡು ಕಳಿಸಿಕೊಟ್ಟರೆ ತಿದ್ದಿ, ಒಂದು ಹಳ್ಳಿಯಲ್ಲಿ 30 ಜನರ ಮೇಲೆ ಪ್ರಯೋಗಿಸಿ ನೋಡಿ, ಎರಡು ವಾರದೊಳಗೆ ಹಿಂದಿರುಗಿಸುತ್ತೇವೆ. ಸಂಭಾವನೆ ಬೇಡ.

ಇಂತಿ ತಮ್ಮ ವಿಶ್ವಾಸಿಗಳು,
ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ ಕಲಿಸುವ ಹಾಸನದ ಕೆಲವರು